ಬೀಟಲ್ ಎಂಜಿನ್‌ನ ಆಯಿಲ್‌ಗೆ ಪೆಟ್ರೋಲ್ ಸೇರಿದಾಗ: ಒಂದು ರಿಪೇರಿಯ ದಾಖಲೆ

ಗಾಡಿ 1971ರ ಫೋಕ್ಸ್‌ವ್ಯಾಗನ್ ಬೀಟಲ್. 1584 ಸಿಸಿ, ಡ್ಯುಯಲ್ ಪೋರ್ಟ್ ಹೆಡ್, ಸೋಲೆಕ್ಸ್ 34 ಪಿಕ್ಟ್-3 ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ), 12 ವೋಲ್ಟ್, ಡೈನಮೊ. ಆಲ್ಟರ್ನೇಟರ್ ಅಲ್ಲ, ಈ ವಿಷಯ ಮುಂದೆ ಮುಖ್ಯವಾಗುತ್ತದೆ.

ದೂರುಗಳು ಮೂರು. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆಯಿಲ್ ದೀಪ ಮಿಣುಕುತ್ತದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಮೂರು ಕಡೆ ಎಣ್ಣೆ ಕಲೆ. ಶೆಡ್ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ದೀಪ ಮಿಣುಕಿದ್ದಕ್ಕೆ ಹಿಂದೊಮ್ಮೆ ಗಟ್ಟಿ ಗ್ರೇಡಿನ ಆಯಿಲ್ ಹಾಕಿ ನೋಡಿದ್ದಾಗಿದೆ. ಎರಡು ವಾರ ಸುಮ್ಮನಿದ್ದ ದೀಪ ಮತ್ತೆ ಶುರುವಾಯಿತು.

ಈ ಮೂರನ್ನೂ ಬೇರೆ ಬೇರೆ ಕಾಯಿಲೆ ಎಂದುಕೊಂಡು ಒಂದೊಂದಕ್ಕೂ ಮದ್ದು ಹುಡುಕಲು ಹೊರಟರೆ ಎಂಜಿನ್ ಬೇರಿಂಗ್ ಕಳೆದುಕೊಳ್ಳುತ್ತೇವೆ. ಈ ಎಂಜಿನ್‌ನಲ್ಲಿ ನೀರಿಲ್ಲ. ತಣಿಸುವ ಕೆಲಸವನ್ನು ಫ್ಯಾನ್ ಗಾಳಿಯೂ 2.5 ಲೀಟರ್ ಆಯಿಲೂ ಹಂಚಿಕೊಂಡು ಮಾಡುತ್ತವೆ. ಬಿಚ್ಚಿ ಬದಲಿಸುವ ಆಯಿಲ್ ಫಿಲ್ಟರ್ ಇಲ್ಲ, ತಳದಲ್ಲಿ ಒಂದು ತಂತಿ ಜಾಲರಿ ಮಾತ್ರ. ಪೆಟ್ರೋಲ್ ಪಂಪು ನೇರವಾಗಿ ಕ್ರ್ಯಾಂಕ್‌ಕೇಸ್ (ಆಯಿಲ್ ತುಂಬಿರುವ ಎಂಜಿನ್ ಒಡಲು, ಮುಂದೆ ಬರಿ ಕೇಸ್) ಮೇಲೆಯೇ ಕೂತಿದೆ. ಹಾಗಾಗಿ ಪೆಟ್ರೋಲ್ ಕಡೆಯ ಒಂದು ಸಣ್ಣ ಸೋರಿಕೆ ಆಯಿಲ್ ಒತ್ತಡದ ಸಮಸ್ಯೆಯಾಗಿ, ಆಯಿಲ್ ಲೀಕ್ ಆಗಿ, ಕೊನೆಗೆ ಹೆಡ್ ಬಿಸಿಯಾಗುವ ಸಮಸ್ಯೆಯಾಗಿ ಕಾಣಿಸಿಕೊಳ್ಳುತ್ತದೆ. ಪೆಟ್ರೋಲ್ ಕಡೆ ಸರಿಯಾಗುವ ತನಕ ಆಯಿಲ್ ಕಡೆ ಅಳೆದ ಯಾವ ಅಂಕಿಯನ್ನೂ ನಂಬಬಾರದು. ಕೆಲಸದ ಸರದಿಯನ್ನು ಅದರಂತೆಯೇ ಇಟ್ಟುಕೊಂಡೆವು.

ಸ್ಟಾರ್ಟ್ ಮಾಡುವ ಮೊದಲು

ಇಂಥ ಗಾಡಿ ಬಂದರೆ ಕೀ ತಿರುಗಿಸುವ ಮುಂಚೆ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಇದರಲ್ಲಿ ಆಯಿಲ್ ಮೇಲಿನ ಗೆರೆಗಿಂತ ಎರಡು ಬೆರಳು ಮೇಲಿತ್ತು. ಯಾರೂ ಹೆಚ್ಚಿಗೆ ಹಾಕದೆ ಆಯಿಲ್ ಮಟ್ಟ ಏರಿದರೆ ಅದು ಪೆಟ್ರೋಲೇ. ಕಡ್ಡಿಯ ತುದಿಯ ಆಯಿಲ್ ಅನ್ನು ಬೆರಳಲ್ಲಿ ಉಜ್ಜಿದರೆ ಜಿಗುಟಿಲ್ಲ, ನೀರಿನ ಹಾಗೆ ಜಾರುತ್ತದೆ. ಮೂಗಿಗೆ ಹಿಡಿದರೆ ಘಾಟು. ಇನ್ನೂ ಅನುಮಾನವಿದ್ದರೆ ಕಾಗದದ ಪರೀಕ್ಷೆ ಮಾಡಬಹುದು. ಕಾಫಿ ಫಿಲ್ಟರ್ ಕಾಗದದ ಮೇಲೆ ಹೊಸ ಆಯಿಲ್‌ನ ಒಂದು ಹನಿ, ಪಕ್ಕದಲ್ಲಿ ಎಂಜಿನ್ ಆಯಿಲ್‌ನ ಒಂದು ಹನಿ ಬಿಟ್ಟು ಒಂದು ಗಂಟೆ ಇಡಿ. ಪೆಟ್ರೋಲ್ ಸೇರಿದ ಹನಿ ಬೇಗ ಅಗಲವಾಗಿ ಹರಡಿ, ಕಪ್ಪು ನಡುವಿನ ಸುತ್ತ ತೆಳುವಾದ ದೊಡ್ಡ ಉಂಗುರ ಬಿಡುತ್ತದೆ. ಬೆಂಕಿ ಕಡ್ಡಿ ಹಚ್ಚಿ ನೋಡುವವರಿದ್ದಾರೆ. ದಯವಿಟ್ಟು ಬೇಡ.

ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಬಲಕ್ಕಿದೆ. ಮೊದಲು ಅದರ ಮೈನಸ್ ವೈರ್ ತೆಗೆದೆವು. ಶೆಡ್‌ನ ಎರಡೂ ಬಾಗಿಲು ತೆರೆದು, ತಂತಿ ಬಲ್ಬಿನ ಬದಲು ಟಾರ್ಚ್ ಇಟ್ಟುಕೊಂಡೆವು. ಕೆಳಗೆ ಇಳಿಯಲಿರುವುದು ಬರಿ ಆಯಿಲ್ ಅಲ್ಲ, ಹೊತ್ತಿಕೊಳ್ಳುವ ದ್ರವ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪುಲ್ಲಿಯನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದ್ದಾಯಿತು. ರಾತ್ರಿಯೆಲ್ಲಾ ಕಾರ್ಬೊರೇಟರ್ ತುಂಬಿ ಹರಿದಿದ್ದರೆ, ಇನ್‌ಲೆಟ್ ವಾಲ್ವ್ ತೆರೆದು ನಿಂತಿದ್ದ ಸಿಲಿಂಡರ್‌ನಲ್ಲಿ ಪೆಟ್ರೋಲ್ ನಿಂತಿರುತ್ತದೆ. ದ್ರವವನ್ನು ಒತ್ತಲು ಬರುವುದಿಲ್ಲ. ಸ್ಟಾರ್ಟರ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಲ್ಲಿ ಮೂರನೇ ಸಿಲಿಂಡರ್ ಪ್ಲಗ್ ಒದ್ದೆಯಾಗಿತ್ತು, ಉಳಿದ ಮೂರು ಒಣಗಿದ್ದವು. ಪಂಪಿನ ಡಯಾಫ್ರಂ (ಪೆಟ್ರೋಲ್ ತಳ್ಳುವ ಪೊರೆ) ಒಂದೇ ಹರಿದಿದ್ದರೆ ಪೆಟ್ರೋಲ್ ನೇರ ಕೆಳಗಿಳಿಯುತ್ತದೆ, ಪ್ಲಗ್ ಒದ್ದೆಯಾಗುವುದಿಲ್ಲ. ಹಾಗಾಗಿ ಒದ್ದೆ ಪ್ಲಗ್ ಕಾರ್ಬೊರೇಟರ್ ಕಡೆ ಕೈ ತೋರಿಸುತ್ತದೆ.

ಆಯಿಲ್ ಇಳಿಸಿ ಅಳೆದದ್ದು

ಅಳತೆ ಗುರುತಿರುವ ಪಾತ್ರೆಗೆ ಇಳಿಸಿದರೆ ಉಪಯೋಗ. ಬಂದದ್ದು 3.1 ಲೀಟರ್. ಇರಬೇಕಾದದ್ದು 2.5. ಈ ಎಂಜಿನ್ ಸ್ವಲ್ಪ ಆಯಿಲ್ ತಿನ್ನುವುದೂ ಇರುವುದರಿಂದ, ಸೇರಿದ ಪೆಟ್ರೋಲ್ 600 ಎಂಎಲ್‌ಗಿಂತ ಹೆಚ್ಚೇ ಇರಬೇಕು.

ಜಾಲರಿಯ ದುಂಡು ಪ್ಲೇಟ್ ಆರು ಎಂ6 ಸ್ಟಡ್‌ಗಳ ಮೇಲೆ ಟೋಪಿ ನಟ್‌ಗಳಲ್ಲಿ ಕೂತಿದೆ; 10 ನಂಬರ್ ಸ್ಪ್ಯಾನರ್ ಸಾಕು. ನಟ್‌ಗಳ ಕೆಳಗೆ ತಾಮ್ರದ ವಾಷರ್ ಆರು, ಜಾಲರಿಯ ಮೇಲೊಂದು ಕೆಳಗೊಂದು ಕಾಗದದ ಪ್ಯಾಕಿಂಗ್. ಇವೆಲ್ಲ ಪ್ರತಿ ಸಲ ಹೊಸದಾಗಬೇಕು. ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಮೊದಲು ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡಬೇಕು. ಕಪ್ಪು ಹಿಟ್ಟಿನಂಥದ್ದು ಇಂಗಾಲ, ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟುವ ಚೂರು ಉಕ್ಕು. ಅಂಟದೆ ಬೆಳ್ಳಗೆ ಹೊಳೆಯುವ ಪುಡಿ ಹೆಚ್ಚಿದ್ದರೆ ಮೇನ್ ಬೇರಿಂಗ್ ಹೋಗುತ್ತಿದೆ, ಮುಂದಿನ ಯಾವ ಕೆಲಸವೂ ವ್ಯರ್ಥ. ಇಲ್ಲಿ ಹೊಳಪು ಚಿಟಿಕೆಗಿಂತ ಕಡಿಮೆ, ಹಳೆಯ ಗ್ಯಾಸ್ಕೆಟ್ ಪೇಸ್ಟಿನ ಕೆಂಪು ದಾರಗಳು ಮಾತ್ರ ಬೇಕಾದಷ್ಟು. ಈ ಪೇಸ್ಟಿನ ತುಣುಕು ಆಯಿಲ್ ಹೀರುವ ಪೈಪಿನ ಬಾಯಿಗೆ ಹೋದರೆ ಒತ್ತಡವೇ ಇಲ್ಲದಾಗುತ್ತದೆ. ಈ ಪ್ಲೇಟಿಗೆ ಪೇಸ್ಟ್ ಬೇಕಿಲ್ಲ.

ಪ್ಲೇಟ್ ನಟ್‌ಗಳಿಗೆ 7 ನ್ಯೂಟನ್-ಮೀಟರ್ ಸಾಕು. ಕೇಸ್ ಮೆಗ್ನೀಷಿಯಂ ಮಿಶ್ರಲೋಹ. ಇನ್ನೊಂದಿಷ್ಟು ಬಿಗಿಯಲಿ ಎಂದು ಎಳೆದರೆ ಸ್ಟಡ್ ಥ್ರೆಡ್ ಸಮೇತ ಕಿತ್ತು ಬರುತ್ತದೆ. ನಡುವಿನ ಡ್ರೇನ್ ಪ್ಲಗ್‌ಗೆ 34 ನ್ಯೂಟನ್-ಮೀಟರ್.

ಪೆಟ್ರೋಲ್ ಯಾವ ದಾರಿಯಲ್ಲಿ ಬಂತು

ದಾರಿ ಎರಡೇ. ಪಂಪಿನ ಡಯಾಫ್ರಂ ಹರಿದು, ಪಂಪನ್ನು ಆಡಿಸುವ ಕೆಳಗಿನ ರಾಡ್‌ನ ತೂತಿನ ಮೂಲಕ ಕೇಸಿಗೆ ಇಳಿಯುವುದು ಒಂದು. ಕಾರ್ಬೊರೇಟರ್‌ನ ನೀಡಲ್ ವಾಲ್ವ್ (ಬಟ್ಟಲಿಗೆ ಬರುವ ಪೆಟ್ರೋಲ್ ತಡೆಯುವ ಸೂಜಿ) ಮುಚ್ಚದೆ ಬಟ್ಟಲು ತುಂಬಿ, ಮ್ಯಾನಿಫೋಲ್ಡ್‌ಗೆ ಸುರಿದು, ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ರಿಂಗ್ ಸಂದಿಯಿಂದ ಇಳಿಯುವುದು ಇನ್ನೊಂದು. ಎರಡನೆಯದು ಹೆಚ್ಚು ಕೆಡುಕಿನದು. ಆಯಿಲ್ ತೆಳುವಾಗುವುದರ ಜೊತೆಗೆ ರಿಂಗೂ ಸಿಲಿಂಡರೂ ಒಣಗಿ ಉಜ್ಜುತ್ತವೆ. ಈ ಗಾಡಿಯ ಟ್ಯಾಂಕ್ ಮುಂದಿದೆ. ಟ್ಯಾಂಕ್ ತುಂಬಿಸಿ, ಮೂತಿ ಏರಿನ ಕಡೆ ಮಾಡಿ ನಿಲ್ಲಿಸಿದರೆ ಪೆಟ್ರೋಲ್ ಮಟ್ಟ ಕಾರ್ಬೊರೇಟರ್‌ಗಿಂತ ಎತ್ತರವಾಗುತ್ತದೆ. ನೀಡಲ್ ಕೂಡದಿದ್ದರೆ ಎಂಜಿನ್ ನಿಂತಿದ್ದರೂ ಪೆಟ್ರೋಲ್ ಪಂಪಿನ ವಾಲ್ವ್ ದಾಟಿ ತಾನಾಗಿ ಹರಿಯುತ್ತದೆ. ಟ್ಯಾಂಕ್ ತುಂಬಿಸಿದ ದಿನ ವಾಸನೆ ಜೋರು, ಅರ್ಧಕ್ಕಿಳಿದ ಮೇಲೆ ಕಡಿಮೆ ಎಂದರೆ ಇದೇ ಕಾರಣ.

ಪಂಪು ಎರಡು ನಟ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಪಕ್ಕ ಕೂತಿದೆ. ಬಿಚ್ಚಿ, ತಿರುವಿ ತಳ ನೋಡಿದೆವು. ಅಲ್ಲಿ ಗ್ರೀಸ್ ಇರಬೇಕು. ಗ್ರೀಸ್ ತೊಳೆದುಹೋಗಿದ್ದರೆ ಡಯಾಫ್ರಂ ಸೋರುತ್ತಿದೆ ಎಂದರ್ಥ. ಇಲ್ಲಿ ಗ್ರೀಸ್ ಹಾಗೇ ಇತ್ತು. ಆದರೂ ಪರೀಕ್ಷೆ ಬಿಡಲಿಲ್ಲ. ಒಳಬರುವ ಪೈಪಿನ ಹೋಸ್ ಅನ್ನು ಪೆಟ್ರೋಲ್ ಡಬ್ಬಿಗೆ ಇಳಿಸಿ, ಹೊರಹೋಗುವ ಹೋಸ್ ಅನ್ನು ಬಾಟಲಿಗೆ ಬಿಟ್ಟು, ಲಿವರ್ ಅನ್ನು ಕೈಯಲ್ಲಿ ಐವತ್ತು ಸಲ ಒತ್ತಿ, ತಳಕ್ಕೆ ಒಣ ಕಾಗದ ಹಿಡಿದರೆ ಹನಿ ಬರಲಿಲ್ಲ. ಡಯಾಫ್ರಂ ಚೆನ್ನಾಗಿದೆ.

ಕಾರ್ಬೊರೇಟರ್ ಮೇಲ್ಮುಚ್ಚಳಕ್ಕೆ ಐದು ತಿರುಪು. ನೀಡಲ್ ವಾಲ್ವ್ ಮುಚ್ಚಳದಲ್ಲೇ ಇದೆ, ಅದನ್ನು ಒತ್ತಿ ಮುಚ್ಚುವ ತೇಲುಬುರುಡೆ, ಅಂದರೆ ಫ್ಲೋಟ್, ಕೆಳಗಿನ ಬಟ್ಟಲಲ್ಲಿ. ಮುಚ್ಚಳವನ್ನು ತಲೆಕೆಳಗು ಹಿಡಿದರೆ ನೀಡಲ್ ತನ್ನ ಭಾರಕ್ಕೆ ತಾನೇ ಕೂರುತ್ತದೆ. ಅದನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ, ಪೆಟ್ರೋಲ್ ಪೈಪಿಗೆ ತೆಳ್ಳನೆ ಟ್ಯೂಬ್ ಹಾಕಿ, ದೊಡ್ಡ ಸಿರಿಂಜಿನಿಂದ ಗಾಳಿ ಎಳೆದು ಹಿಡಿಯಬೇಕು. ಹತ್ತು ಸೆಕೆಂಡ್ ಆದ ಮೇಲೆ ಕೈಬಿಟ್ಟರೆ ಸಿರಿಂಜಿನ ಪಿಸ್ಟನ್ ತಾನಾಗಿ ವಾಪಸ್ ಓಡಬೇಕು. ಇಲ್ಲಿ ಎರಡು ಸೆಕೆಂಡಿಗೆ ಗಾಳಿ ಒಳನುಗ್ಗಿ, ಪಿಸ್ಟನ್ ಎಳೆದಲ್ಲೇ ನಿಂತಿತು. ಲೆನ್ಸ್ ಕೆಳಗೆ ನೋಡಿದರೆ ನೀಡಲ್‌ನ ಕೋನದ ಸುತ್ತ ಒಂದು ಹೊಳೆಯುವ ಸವೆದ ಗೆರೆ, ಅದರ ಒಂದು ಬದಿಯಲ್ಲಿ ಕಂದು ತುಕ್ಕಿನ ಕಣ. ಟ್ಯಾಂಕಿನಿಂದ ಬಂದ ತುಕ್ಕು ಅದು.

ಹೊಸ ನೀಡಲ್ ವಾಲ್ವ್ 1.5 ಮಿ.ಮೀ. ಅಳತೆಯದು ಹಾಕಿದ್ದಾಯಿತು, ಕೆಳಗೆ 1 ಮಿ.ಮೀ. ದಪ್ಪದ ವಾಷರ್. ಬಟ್ಟಲಿನ ಪೆಟ್ರೋಲ್ ಮಟ್ಟ ಹೊಂದಿಸುವುದು ಈ ವಾಷರ್ ದಪ್ಪದಿಂದ. ದಪ್ಪ ಹೆಚ್ಚಿದರೆ ನೀಡಲ್ ಕೆಳಗಿಳಿದು ಮಟ್ಟ ತಗ್ಗುತ್ತದೆ. ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಭಾರವಾದ ಫ್ಲೋಟ್ ಹೊಸ ನೀಡಲ್ ಅನ್ನೂ ಮುಚ್ಚಿಸುವುದಿಲ್ಲ.

ಹೊಸ ನೀಡಲ್ ಹಾಕಿದರೂ ಮುಗಿಯಲಿಲ್ಲ

ಹೆಚ್ಚಿನವರು ಇಲ್ಲಿಗೆ ಕೆಲಸ ನಿಲ್ಲಿಸುತ್ತಾರೆ. ನೀಡಲ್ ಯಾಕೆ ಹೋಯಿತು ಎಂದು ಕೇಳದಿದ್ದರೆ ಮೂರು ತಿಂಗಳಿಗೆ ಗಾಡಿ ಮತ್ತೆ ಅದೇ ದೂರು ಹೊತ್ತು ಬರುತ್ತದೆ. ಪಂಪು ಹೊಸದಾಗಿ ತಯಾರಾದ ಬದಲಿ ಮಾಲು. ಇಂಥವುಗಳ ಒತ್ತಡ ಹೆಚ್ಚಿರುವುದು ಸಾಮಾನ್ಯ.

ಪಂಪಿಗೂ ಕಾರ್ಬೊರೇಟರ್‌ಗೂ ನಡುವೆ ಟಿ ಜೋಡಿಸಿ ಗೇಜ್ ಹಾಕಿದೆವು. ಹೊಸ ಆಯಿಲ್ ತುಂಬಿ, ಸ್ಟಾರ್ಟ್ ಮಾಡಿ ನೋಡಿದರೆ 5 ಪಿಎಸ್‌ಐ (ಒತ್ತಡದ ಅಳತೆ) ಮೀರಿತ್ತು. ಈ ಕಾರ್ಬೊರೇಟರ್ 3ರ ಆಸುಪಾಸಿನಲ್ಲಿ ನೆಮ್ಮದಿಯಾಗಿರುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಫ್ಲೋಟಿನ ಬಲ ಸಾಲದೆ ನೀಡಲ್ ಮತ್ತೆ ಮತ್ತೆ ತಳ್ಳಿಸಿಕೊಂಡು ತೆರೆಯುತ್ತದೆ, ಸವೆಯುತ್ತದೆ.

ಒತ್ತಡ ನಿರ್ಧಾರವಾಗುವುದು ಪಂಪಿನ ಕೆಳಗಿನ ರಾಡ್ ಎಷ್ಟು ಮೇಲೆ ಬರುತ್ತದೆ ಎನ್ನುವುದರಿಂದ. ಡೈನಮೊ ಎಂಜಿನ್‌ಗೆ 108 ಮಿ.ಮೀ. ರಾಡ್ ಮತ್ತು ನೆಟ್ಟಗಿನ ಪಂಪು. ಆಲ್ಟರ್ನೇಟರ್ ಎಂಜಿನ್‌ಗೆ 100 ಮಿ.ಮೀ. ರಾಡ್ ಮತ್ತು ಓರೆ ಪಂಪು. ಎರಡನ್ನೂ ಅದಲುಬದಲು ಮಾಡಿದರೆ ಒಂದೋ ಪೆಟ್ರೋಲ್ ಏರುವುದಿಲ್ಲ, ಇಲ್ಲವೇ ನಟ್ ಬಿಗಿಯುವಾಗಲೇ ಪಂಪು ಮುರಿಯುತ್ತದೆ. ಇಲ್ಲಿ ರಾಡ್ ಸರಿಯಾದದ್ದೇ, ಅಳೆದರೆ 108. ಎಂಜಿನ್ ಅನ್ನು ಕೈಯಲ್ಲಿ ತಿರುಗಿಸಿ ರಾಡ್ ಪೂರ್ತಿ ಮೇಲೆ ಬಂದಾಗ, ಪ್ಲಾಸ್ಟಿಕ್ ಬುಡ ಮತ್ತು ಪ್ಯಾಕಿಂಗ್ ಸಮೇತ, ಬುಡದ ಮೇಲ್ಮೈಯಿಂದ ತುದಿಗೆ 13 ಮಿ.ಮೀ. ಇರಬೇಕು. ಸಿಕ್ಕಿದ್ದು 14.4. ಬುಡದ ಕೆಳಗಿನ ಪ್ಯಾಕಿಂಗ್ ಇರಲೇ ಇಲ್ಲ. ಬರಿ ಪೇಸ್ಟ್ ಬಳಿದು ಕೂರಿಸಿದ್ದರು. ಜಾಲರಿಯಲ್ಲಿ ಸಿಕ್ಕ ಕೆಂಪು ದಾರದ ಮೂಲವೂ ತಿಳಿಯಿತು.

ಕೆಳಗಿನ ಪ್ಯಾಕಿಂಗ್ ಹಾಕಿ, ಇನ್ನೊಂದು ಸೇರಿಸಿ, 13.1ಕ್ಕೆ ತಂದೆವು. ಗೇಜ್ 3.2ಕ್ಕೆ ಇಳಿಯಿತು. ಒಂದೊಂದೇ ಪ್ಯಾಕಿಂಗ್ ಸೇರಿಸಿ ಪ್ರತಿ ಸಲ ಅಳೆಯಬೇಕು. ಒಮ್ಮೆಗೇ ನಾಲ್ಕು ಹಾಕಿದರೆ ಹೈವೇಯಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಒಣಗಿ ಓಡುತ್ತದೆ. ಜೋಡಿಸುವಾಗ ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಬುಡ ಮೊದಲು, ರಾಡ್ ಆಮೇಲೆ, ರಾಡಿನ ಚೂಪು ತುದಿ ಕೆಳಕ್ಕೆ. ಬುಡವಿಲ್ಲದೆ ರಾಡ್ ಇಳಿಸಿದರೆ ಅದು ಜಾರಿ ಕ್ರ್ಯಾಂಕ್‌ಕೇಸಿಗೆ ಬೀಳಬಹುದು. ಆಮೇಲೆ ಎಂಜಿನ್ ಬಿಚ್ಚದೆ ವಿಧಿಯಿಲ್ಲ.

ಆಯಿಲ್ ಒತ್ತಡ

ಈಗ ಆಯಿಲ್ ಕಡೆಯ ಅಂಕಿಗಳಿಗೆ ಅರ್ಥ ಬಂತು. ತುಂಬಿದ್ದು 20ಡಬ್ಲ್ಯು-50, 2.5 ಲೀಟರ್. ನಮ್ಮ ಬಿಸಿಲಿಗೆ ಇದು ಸಾಕು, ಇದಕ್ಕಿಂತ ಗಟ್ಟಿ ಬೇಡ. ಆಯಿಲ್ ಗಟ್ಟಿಯಾದಷ್ಟೂ ತಣ್ಣಗಿರುವಾಗ ರಿಲೀಫ್ ವಾಲ್ವ್ (ಮಿತಿ ಮೀರಿದ ಒತ್ತಡ ಬಿಡುವ ವಾಲ್ವ್) ಹೆಚ್ಚು ಹೊತ್ತು ತೆರೆದೇ ಇರುತ್ತದೆ, ಆಯಿಲ್ ಕೂಲರ್‌ಗೆ ಹೋಗದೆ ಸುತ್ತು ತಪ್ಪಿಸುತ್ತದೆ. ಆ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಅಂಟಿಕೊಂಡಿದ್ದರಂತೂ ಬೆಳಗಿನ ಮೊದಲ ರೇಸಿಗೇ ಕೂಲರ್ ಒಡೆಯಬಹುದು.

ಡಿಸ್ಟ್ರಿಬ್ಯೂಟರ್ ಬಳಿ ಎಡಗಡೆ ಇರುವ ಆಯಿಲ್ ಸ್ವಿಚ್ ಬಿಚ್ಚಿ ಅಲ್ಲಿ ಗೇಜ್ ಕೂರಿಸಬೇಕು. ಥ್ರೆಡ್ 10 ಮಿ.ಮೀ., ಪಿಚ್ 1, ಚೂಪಾಗುತ್ತಾ ಹೋಗುವಂಥದ್ದು. ಹೆಚ್ಚು ಬಿಗಿದರೆ ಕೇಸ್ ಸೀಳುತ್ತದೆ. ದೀಪದ ಸ್ವಿಚ್ ಸುಮಾರು 2ರಿಂದ 6 ಪಿಎಸ್‌ಐ ನಡುವೆ ಎಲ್ಲೋ ಒಂದು ಕಡೆ ತೆರೆಯುವಂಥದ್ದು. ಅಂದರೆ ದೀಪ ಆರಿದೆ ಎಂದರೆ ಒತ್ತಡ ಚೆನ್ನಾಗಿದೆ ಎಂದಲ್ಲ, ಸೊನ್ನೆಯಲ್ಲ ಎಂದಷ್ಟೇ.

ಅಳೆಯಬೇಕಾದದ್ದು ಆಯಿಲ್ 70 ಡಿಗ್ರಿಗೆ ಬಂದಾಗ, 2500 ಆರ್‌ಪಿಎಂನಲ್ಲಿ. ಎಸ್‌ಎಇ 30 ಆಯಿಲ್‌ನಲ್ಲಿ ಚೆನ್ನಾಗಿರುವ ಎಂಜಿನ್ 42 ಪಿಎಸ್‌ಐ ಕೊಡುತ್ತದೆ, ಸವೆತದ ಮಿತಿ 28. ಇಲ್ಲಿ ಬಂದದ್ದು 23. ಐಡಲ್‌ನಲ್ಲಿ 6, ದೀಪ ಇನ್ನೂ ಒಮ್ಮೊಮ್ಮೆ ಮಿಣುಕುತ್ತಿತ್ತು.

ಬೇರಿಂಗ್ ಮೇಲೆ ಅಪವಾದ ಹೊರಿಸುವ ಮುಂಚೆ ಅಗ್ಗದ ಕೆಲಸ ಎರಡಿವೆ.

ಮೊದಲನೆಯದು ರಿಲೀಫ್ ವಾಲ್ವ್. ಈ ಕಾಲದ ಕೇಸಿನಲ್ಲಿ ಎರಡಿವೆ. ಎಂಜಿನ್ ತಳದಲ್ಲಿ ಪುಲ್ಲಿ ಕಡೆ ಒಂದು, ಫ್ಲೈವೀಲ್ ಕಡೆ ಇನ್ನೊಂದು. 1970ಕ್ಕಿಂತ ಹಿಂದಿನವುಗಳಲ್ಲಿ ಪುಲ್ಲಿ ಕಡೆಯದು ಮಾತ್ರ. ದೊಡ್ಡ ಸೀಳಿನ ಪ್ಲಗ್ ಅದು. ಸಾಧಾರಣ ಸ್ಕ್ರೂಡ್ರೈವರ್ ಜಾರಿ ಸೀಳು ಹಾಳಾಗುತ್ತದೆ. ಸೀಳಿನಷ್ಟೇ ಅಗಲದ ಬಿಟ್ ಇಟ್ಟು, ಕೆಳಗಿನಿಂದ ಜಾಕ್ ಆನಿಸಿ ಒತ್ತಿ, ಸ್ಪ್ಯಾನರ್‌ನಿಂದ ತಿರುಗಿಸಿದರೆ ಶಾಂತವಾಗಿ ಬಿಡುತ್ತದೆ. ಸ್ಪ್ರಿಂಗ್ ಬಂತು, ಪಿಸ್ಟನ್ ಬರಲಿಲ್ಲ. 10 ಮಿ.ಮೀ. ಟ್ಯಾಪ್ ಅನ್ನು ಪಿಸ್ಟನ್ ಟೊಳ್ಳಿಗೆ ಮೆಲ್ಲಗೆ ಕಚ್ಚಿಸಿ ಎಳೆದೆವು. ಪಿಸ್ಟನ್ ಮೈಮೇಲೆ ಉದ್ದಕ್ಕೆ ಮೂರು ಗೀರು, ಕಂದು ಬಣ್ಣದ ಅಂಟು. ಅದು ಅರ್ಧ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ಹಾಗಾದಾಗ ಬಿಸಿ ಆಯಿಲ್ ಕೂಲರ್ ಮುಟ್ಟದೆ ತಳಕ್ಕೆ ವಾಪಸ್ಸಾಗುತ್ತದೆ. ಒತ್ತಡವೂ ಹೋಯಿತು, ತಂಪೂ ಹೋಯಿತು. ಪುಲ್ಲಿ ಕಡೆಯ ಸ್ಪ್ರಿಂಗ್ ಬಿಡಿಯಾಗಿ 62ರಿಂದ 64 ಮಿ.ಮೀ. ಉದ್ದ ಇರಬೇಕು, ಇದು 59. ಸ್ಪ್ರಿಂಗೂ ಪಿಸ್ಟನ್ನೂ ಹೊಸದು ಹಾಕಿದೆವು. ತೂತಿನ ಗೋಡೆಗೆ ಒರಟು ಎಮರಿ ತಾಕಿಸಬಾರದು, ಸೀಮೆಎಣ್ಣೆ ಹಚ್ಚಿದ ಬಟ್ಟೆ ಸಾಕು. ಪಿಸ್ಟನ್ ತನ್ನ ಭಾರಕ್ಕೆ ತಾನೇ ಜಾರಿ ಬೀಳಬೇಕು. ಎರಡು ಸ್ಪ್ರಿಂಗ್‌ಗಳ ಉದ್ದ ಬೇರೆ ಬೇರೆ, ಉದ್ದದ್ದು ಪುಲ್ಲಿ ಕಡೆಗೆ.

ಮತ್ತೆ ಅಳೆದರೆ 31. ಮಿತಿ ದಾಟಿದ್ದು ಸಂತೋಷವೇ, ಆದರೆ ಇನ್ನೂ ಸಿಗುವುದಿದೆ.

ಎರಡನೆಯದು ಆಯಿಲ್ ಪಂಪಿನ ಮುಚ್ಚಳ. ಪುಲ್ಲಿ ತೆಗೆದು, ಹಿಂದಿನ ತಗಡು ಬಿಚ್ಚಿದರೆ ನಾಲ್ಕು ನಟ್ ಕಾಣುತ್ತವೆ. ಗೇರ್‌ಗಳು ಉಜ್ಜಿ ಉಜ್ಜಿ ಮುಚ್ಚಳದ ಒಳಮೈಯಲ್ಲಿ ಕನ್ನಡಕದ ಆಕಾರದ ಗುಂಡಿ ಬಿದ್ದಿತ್ತು. ಉಗುರು ಎಳೆದರೆ ತಡೆಯುವಷ್ಟು, ಸುಮಾರು 0.06 ಮಿ.ಮೀ. ಪಂಪಿನ ಬಾಯಿಗೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ಗೇರ್ 0.08 ಒಳಗಿತ್ತು. ಎರಡೂ ಸೇರಿ 0.14, ಮಿತಿ 0.1. ಮುಚ್ಚಳವನ್ನು ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಹಾಸಿ, ಆಯಿಲ್ ಹಾಕಿ, ಎಂಟರ ಆಕಾರದಲ್ಲಿ ಗುಂಡಿ ಮಾಯವಾಗುವ ತನಕ ತೀಡಿದ್ದಾಯಿತು. ಮುಕ್ಕಾಲು ಗಂಟೆಯ ಕೆಲಸ, ಆದರೆ ಬೇರಾವುದಕ್ಕೂ ಕೊಡದ ಫಲ ಕೊಡುತ್ತದೆ. ಪ್ಯಾಕಿಂಗ್ ಮೂಲದಲ್ಲಿದ್ದ ತೆಳ್ಳನೆ ಕಾಗದದ್ದೇ ಆಗಬೇಕು. ಅಂಗಡಿಯಿಂದ ಹಾಳೆ ತಂದು ಕತ್ತರಿಸಿದ ದಪ್ಪ ಪ್ಯಾಕಿಂಗ್ ಹಾಕಿದರೆ ತೀಡಿದ್ದೆಲ್ಲಾ ನೀರುಪಾಲು, ಪ್ಯಾಕಿಂಗಿನ ದಪ್ಪವೇ ಸಂದಿಯಾಗುತ್ತದೆ. ಎಂ8 ನಟ್‌ಗಳಿಗೆ 20 ನ್ಯೂಟನ್-ಮೀಟರ್.

ಮುಚ್ಚುವ ಮುನ್ನ ಗೇರ್‌ಗಳ ಸುತ್ತ ವ್ಯಾಸಲೀನ್ ತುಂಬಬೇಕು. ಇಲ್ಲದಿದ್ದರೆ ಒಣ ಪಂಪು ಆಯಿಲ್ ಹೀರಲು ತಡಮಾಡುತ್ತದೆ, ಅಷ್ಟರಲ್ಲಿ ಬೇರಿಂಗ್ ಉಜ್ಜುತ್ತದೆ. ಪ್ಲಗ್ ಬಿಚ್ಚಿಟ್ಟು, ದೀಪ ಆರುವ ತನಕ ಸ್ಟಾರ್ಟರ್‌ನಿಂದ ತಿರುಗಿಸಿ, ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್. ಕೊನೆಯ ಅಂಕಿ: 70 ಡಿಗ್ರಿ, 2500 ಆರ್‌ಪಿಎಂ, 37 ಪಿಎಸ್‌ಐ. ಐಡಲ್‌ನಲ್ಲಿ 11. ಬೇರಿಂಗ್‌ಗೆ ಕೈ ಹಚ್ಚಬೇಕಾಗಿಲ್ಲ.

ಮೂರು ಕಲೆಗಳು

ತಳವನ್ನೆಲ್ಲ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿದೆವು. ಹದಿನೈದು ನಿಮಿಷ ಓಡಿಸಿ ನಿಲ್ಲಿಸಿದರೆ ಬಿಳಿ ಪುಡಿಯ ಮೇಲೆ ಎಣ್ಣೆಯ ದಾರಿ ಗೆರೆ ಎಳೆದಂತೆ ಕಾಣುತ್ತದೆ. ಗಾಳಿ ಎಣ್ಣೆಯನ್ನು ಎಲ್ಲೆಲ್ಲಿಗೋ ಒಯ್ಯುವ ಎಂಜಿನ್ ಇದು. ಹನಿ ಬಿದ್ದ ಜಾಗ ನೋಡಿ ಲೀಕ್ ಹೇಳಲು ಹೋದರೆ ತಪ್ಪುತ್ತದೆ.

ಪುಲ್ಲಿ ಹಿಂದಿನ ಕಲೆ ಮತ್ತೆ ಬರಲೇ ಇಲ್ಲ. ಅಲ್ಲಿ ಈ ಎಂಜಿನ್‌ಗೆ ರಬ್ಬರ್ ಸೀಲೇ ಇಲ್ಲ. ಆಯಿಲ್ ಎರಚುವ ಬಿಲ್ಲೆಯೂ ಪುಲ್ಲಿಯ ಕುತ್ತಿಗೆಯಲ್ಲಿ ಕೊರೆದ ಸುರುಳಿ ತೋಡೂ ಆಯಿಲ್ ಅನ್ನು ಒಳಕ್ಕೆ ತಳ್ಳುತ್ತವೆ. ಪೆಟ್ರೋಲ್ ಸೇರಿ ಮಟ್ಟ ಏರಿದ, ತೆಳುವಾದ, ಆವಿ ತುಂಬಿದ ಆಯಿಲ್ ಅನ್ನು ಆ ಸುರುಳಿ ತಡೆಯಲಾರದು. ಬ್ರೀದರ್ ಹೋಸ್ (ಕೇಸಿನ ಆವಿ ಹೊರಹೋಗುವ ಕೊಳವೆ) ಕಟ್ಟಿಕೊಂಡಿದ್ದರೂ ಇಲ್ಲೇ ಸೋರುತ್ತದೆ. ಆಯಿಲ್ ಹಾಕುವ ಬಾಯಿಯಿಂದ ಏರ್ ಕ್ಲೀನರ್‌ಗೆ ಹೋಗುವ ಆ ಹೋಸ್ ಅನ್ನು ಊದಿ ನೋಡಬೇಕು.

ಎಡಗಡೆಯ ಕಲೆ ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಹಾದುಹೋಗುವ ಟ್ಯೂಬ್‌ನದು. ಮೂರನೇ ಸಿಲಿಂಡರ್‌ನ ಒಂದು ಟ್ಯೂಬಿನ ಕೇಸ್ ಕಡೆಯ ಸೀಲ್ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹೆಡ್ ತೆಗೆದಿದ್ದರೆ ಮೂಲ ಟ್ಯೂಬನ್ನು 190–191 ಮಿ.ಮೀ.ಗೆ ಎಳೆದು, ಬೆಸುಗೆಯ ಗೆರೆ ಮೇಲಕ್ಕೆ ಮಾಡಿ ಕೂರಿಸಬಹುದು. ಹೆಡ್ ತೆಗೆಯದೆ ಮಾಡುವುದಾದರೆ ಸ್ಪ್ರಿಂಗ್ ಇರುವ ಎರಡು ತುಂಡಿನ ಟ್ಯೂಬ್ ಬೇಕು. ವಾಲ್ವ್ ಕವರ್ ತೆಗೆದು, ರಾಕರ್ ಶಾಫ್ಟಿನ ಎರಡು ನಟ್ ಬಿಚ್ಚಿ, ಪುಶ್‌ರಾಡ್‌ಗಳನ್ನು ಗುರುತಿಟ್ಟ ರಟ್ಟಿಗೆ ಸಿಕ್ಕಿಸಿ, ಹಳೆ ಟ್ಯೂಬನ್ನು ಹಿಸುಕಿ ಹೊರತೆಗೆದು, ಎರಡೂ ಕಡೆ ಸಿಲಿಕೋನ್ ಸೀಲ್ ಹಾಕಿ ಹೊಸದನ್ನು ಕೂರಿಸಿದೆವು. ರಾಕರ್ ನಟ್‌ಗೆ 25 ನ್ಯೂಟನ್-ಮೀಟರ್. ಆಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದಿ) 0.15 ಮಿ.ಮೀ., ಎಲ್ಲ ಎಂಟಕ್ಕೂ. ಮೊದಲನೆಯದರಿಂದ ಹಿಡಿದು ಪುಲ್ಲಿಯನ್ನು ಎಡಕ್ಕೆ ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋದರೆ 1, 2, 3, 4 ಸರದಿಯಲ್ಲೇ ಬರುತ್ತವೆ.

ಕಾರ್ಕ್ ಪ್ಯಾಕಿಂಗ್ ಅನ್ನು ವಾಲ್ವ್ ಕವರ್‌ಗೆ ಮಾತ್ರ ಅಂಟಿಸಬೇಕು. ಹೆಡ್ ಕಡೆ ತೆಳ್ಳಗೆ ಗ್ರೀಸ್ ಸವರಿದರೆ ಮುಂದಿನ ಟ್ಯಾಪೆಟ್ ಕೆಲಸಕ್ಕೆ ಹರಿಯದೆ ಬರುತ್ತದೆ.

ಮೂರನೇ ಕಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ. ಇಲ್ಲಿ ಮೂಗಿಗೆ ಕೆಲಸ. ಗೇರ್ ಆಯಿಲ್‌ಗೆ ಗಂಧಕದ ನಾತ ಇರುತ್ತದೆ, ಎಂಜಿನ್ ಆಯಿಲ್‌ಗೆ ಇಲ್ಲ. ಇದು ಎಂಜಿನ್‌ನದು, ವಾರಕ್ಕೆ ನಾಲ್ಕೈದು ಹನಿ. ಕ್ಲಚ್ ಜಾರುತ್ತಿಲ್ಲ. ಪುಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ಡಯಲ್ ಗೇಜಿನಲ್ಲಿ ಅಳೆದರೆ ಕ್ರ್ಯಾಂಕ್ ಆಟ 0.12 ಮಿ.ಮೀ.; ಇರಬೇಕಾದದ್ದು 0.07ರಿಂದ 0.13. ಸೀಲ್ ಒಂದಕ್ಕೋಸ್ಕರ ಎಂಜಿನ್ ಇಳಿಸುವುದು ಬೇಡ, ಕ್ಲಚ್ ಕೆಲಸದ ದಿನ ಸೀಲೂ ಫ್ಲೈವೀಲ್‌ನ ಓ-ರಿಂಗೂ ಒಟ್ಟಿಗೆ ಬದಲಿಸುವುದು ಎಂದು ಬರೆದಿಟ್ಟೆವು.

ಹೋಸ್, ಫಿಲ್ಟರ್, ಇ20

ಹಳೆಯ ಬೀಟಲ್‌ಗಳು ಸುಟ್ಟುಹೋಗುವುದು ಬಹುತೇಕ ಇಲ್ಲಿಂದ. ಹತ್ತಿ ನೂಲಿನ ಹೆಣಿಗೆಯ ಹಳೆ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಬಾಗಿಸಿದರೆ ಒಳಗೆ ಬಿರುಕು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ 20 ಶೇಕಡಾ ಎಥನಾಲ್, ಅದೇ ಇ20. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಹಳೆ ತುಕ್ಕು ಸಡಿಲಿಸುತ್ತದೆ, ತೇವ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರೂ ಎಥನಾಲೂ ಒಟ್ಟಾಗಿ ತಳಕ್ಕೆ ಇಳಿದು ಬೇರೆಯಾಗುವುದುಂಟು.

ಹೋಸ್ ಬದಲಿಸಬೇಕಾದ ಜಾಗ ಹಲವು: ಟ್ಯಾಂಕಿನ ಕೆಳಗೆ, ಗೇರ್‌ಬಾಕ್ಸ್ ಪಕ್ಕ ಲೋಹದ ಪೈಪ್ ಮುಗಿಯುವಲ್ಲಿ, ಎಂಜಿನ್ ತಗಡು ದಾಟುವಲ್ಲಿ, ಪಂಪಿನ ಎರಡೂ ಕಡೆ, ಕಾರ್ಬೊರೇಟರ್ ಬಾಯಲ್ಲಿ. ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಹೋಸ್ ಎಥನಾಲ್ ತಡೆಯುತ್ತದೆ. ತಗಡು ದಾಟುವಲ್ಲಿ ರಬ್ಬರ್ ಗ್ರೊಮೆಟ್ ಇಲ್ಲದಿದ್ದರೆ ತಗಡಿನ ಅಂಚೇ ಪೈಪನ್ನು ಕೊಯ್ಯುತ್ತದೆ; ಇಲ್ಲಿ ಇರಲಿಲ್ಲ, ಹಾಕಿದ್ದಾಯಿತು. ಡಿಸ್ಟ್ರಿಬ್ಯೂಟರ್ ಮೇಲೆ ತೂಗುತ್ತಿದ್ದ ಪ್ಲಾಸ್ಟಿಕ್ ಫಿಲ್ಟರ್ ತೆಗೆದು ಗೇರ್‌ಬಾಕ್ಸ್ ಪಕ್ಕಕ್ಕೆ ಇಳಿಸಿದೆವು. ಅದರ ಭಾರಕ್ಕೆ ಮತ್ತು ನಡುಕಕ್ಕೆ ಹೋಸ್ ಕಳಚಿದರೆ ಪೆಟ್ರೋಲ್ ಬೀಳುವುದು ಕಿಡಿಯ ಮೇಲೆ.

ಕಾರ್ಬೊರೇಟರ್ ಮುಚ್ಚಳದ ಹಿತ್ತಾಳೆ ಪೈಪು ಬರಿ ಒತ್ತಿ ಕೂರಿಸಿದ್ದು. ಬಿಸಿ-ತಂಪಿನಲ್ಲಿ ಸಡಿಲವಾಗಿ, ಓಡುತ್ತಿರುವಾಗಲೇ ಹೋಸ್ ಸಮೇತ ಕಳಚಿಕೊಳ್ಳುವುದುಂಟು. ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ. ಕೂದಲೆಳೆಯಷ್ಟು ತಿರುಗಿದರೂ ಮುಚ್ಚಳಕ್ಕೆ ಥ್ರೆಡ್ ಕೊರೆದು ತಿರುಪಿನ ನಿಪ್ಪಲ್ ಹಾಕಿಸಬೇಕು. ಇದರದ್ದು ತಿರುಗಿತು. ಹಾಕಿಸಿದೆವು.

ಜೆಟ್, ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಗ್ಗೆ ಒಂದು ಮಾತು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಇ20ಗೆ ಸುಮಾರು 13.5. ಹಳೆಯ ಜೆಟ್‌ನಲ್ಲೇ ಓಡಿಸಿದರೆ ಮಿಶ್ರಣ ಎಂಟು ಶೇಕಡಾದಷ್ಟು ತೆಳು. ನೀರಿಲ್ಲದ ಎಂಜಿನ್‌ನಲ್ಲಿ ತೆಳು ಮಿಶ್ರಣವೆಂದರೆ ಬಿಸಿ ಹೆಡ್, ಬಿಸಿ ಆಯಿಲ್, ಮತ್ತೆ ಇಳಿದ ಒತ್ತಡ. ಮೇನ್ ಜೆಟ್ 127.5 ಇತ್ತು. ಲೆಕ್ಕಕ್ಕೆ 132.5 ಬರುತ್ತದೆ, ಆದರೆ ಒಮ್ಮೆಗೇ ಅಲ್ಲಿಗೆ ಹಾರಲಿಲ್ಲ. 130 ಹಾಕಿ, ಹೈವೇಯಲ್ಲಿ ಇಪ್ಪತ್ತು ಕಿ.ಮೀ. ಓಡಿಸಿ, ಅಲ್ಲೇ ಎಂಜಿನ್ ಆರಿಸಿ ಪ್ಲಗ್ ನೋಡಿದರೆ ಬಿಳಿಚಿಕೊಂಡಿತ್ತು. 132.5ಕ್ಕೆ ತಿಳಿ ಕಾಫಿ ಬಣ್ಣ ಬಂತು, ಅಲ್ಲೇ ನಿಲ್ಲಿಸಿದೆವು. ವಾಲ್ಯೂಮ್ ಸ್ಕ್ರೂ ಪೂರ್ತಿ ಮುಚ್ಚಿ ಎರಡೂವರೆ ಸುತ್ತು ಬಿಚ್ಚಿ ಶುರು ಮಾಡಿ, ಬೈಪಾಸ್ ಸ್ಕ್ರೂನಿಂದ ಐಡಲ್ 850. ಥ್ರಾಟಲ್ ಸ್ಕ್ರೂನಿಂದ ಐಡಲ್ ಏರಿಸುವ ಅಭ್ಯಾಸ ಈ ಕಾರ್ಬೊರೇಟರ್‌ಗೆ ಆಗದು.

ಮುಂದಿನ ತಪಾಸಣೆ

ಹೊಸ ಆಯಿಲ್ ಅನ್ನು 500 ಕಿ.ಮೀ.ಗೇ ಮತ್ತೆ ಇಳಿಸಬೇಕು. ಕೂಲರ್‌ನಲ್ಲೂ ಕಾಲುವೆಗಳಲ್ಲೂ ಉಳಿದ ಪೆಟ್ರೋಲ್ ಮಿಶ್ರಿತ ಹಳೆ ಆಯಿಲ್ ಅದರಲ್ಲಿ ಸೇರಿರುತ್ತದೆ. ಆಮೇಲಿಂದ 5000 ಕಿ.ಮೀ.ಗೊಮ್ಮೆ, ಜಾಲರಿ ಸಮೇತ. ಮೊದಲ ಎರಡು ವಾರ ಪ್ರತಿದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ನೋಡಿ, ಮೂಸಿ, ಮಟ್ಟವನ್ನು ಪುಸ್ತಕದಲ್ಲಿ ಬರೆಯಬೇಕು. ಹೋಸ್ ಕ್ಲಿಪ್‌ಗಳನ್ನು 100 ಕಿ.ಮೀ. ಆದ ಮೇಲೆ ಒಮ್ಮೆ ಬಿಗಿಯಬೇಕು. ಇಳಿಸಿದ 3.1 ಲೀಟರ್ ಮುಚ್ಚಳವಿರುವ ಡಬ್ಬದಲ್ಲಿ, ಪೆಟ್ರೋಲ್ ಸೇರಿದೆ ಎಂಬ ಚೀಟಿ ಅಂಟಿಸಿಕೊಂಡು, ಹಳೆ ಆಯಿಲ್ ಒಯ್ಯುವವರಿಗಾಗಿ ಶೆಡ್ ಹೊರಗೆ ನೆರಳಲ್ಲಿದೆ.

ಹನ್ನೊಂದನೇ ದಿನದ ಬರಹ: ಟ್ಯಾಂಕ್ ತುಂಬಿಸಿ, ಮೂತಿ ಏರಿನ ಕಡೆ ಮಾಡಿ ಎರಡು ರಾತ್ರಿ ನಿಲ್ಲಿಸಿದ್ದು. ಆಯಿಲ್ ಮಟ್ಟ ಮೇಲಿನ ಗೆರೆಯಲ್ಲೇ. ವಾಸನೆ ಇಲ್ಲ. ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ರಟ್ಟಿನ ಮೇಲೆ ಒಂದು ಹನಿ.